ಹೇಳಿದ್ದಷ್ಟೇ ಬರಿ

"ಫಾರಂ ಎರಡು ಪ್ರತಿ ಬೇಕು ಮೇಡಂ. ಡಾಕ್ಟರ್ ಸರ್ಟಿಫಿಕೇಟಿನ ಜೆರಾಕ್ಸ್ ಸಾಲದು, ಒರಿಜಿನಲ್ ತೋರಿಸಬೇಕು," ಎಂದು ನಾನು ತಲೆ ಎತ್ತದೆ ಹೇಳಿದೆ.

ಕೌಂಟರಿನ ಆಚೆಯಿಂದ ಒಂದು ಧ್ವನಿ, "ಪೆನ್ನು?" ಎಂದಿತು.

ಆ ಹೆಸರಿನಿಂದ ನನ್ನನ್ನು ಕರೆದವಳು ಈ ಜಗತ್ತಿನಲ್ಲಿ ಒಬ್ಬಳೇ. ತಲೆ ಎತ್ತಿದೆ. ಬಿಳಿ ಕೋಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಮುಖವನ್ನು ನನ್ನ ಧ್ವನಿಯ ಕಡೆಗೆ ಸ್ವಲ್ಪ ಓರೆ ಮಾಡಿ ಅವಳು ನಗುತ್ತಿದ್ದಳು. ಹನ್ನೆರಡು ವರ್ಷದ ಮೇಲೂ ಅದೇ ಓರೆ. ನನಗೆ ಸಂತೋಷವಾಯಿತು ಎಂದು ಹೇಳಬೇಕು. ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು.

ನಾನು ಪರೀಕ್ಷಾ ಕಚೇರಿಯಲ್ಲಿ ಗುಮಾಸ್ತ. ಕಣ್ಣು ಕಾಣದ, ಕೈ ನಡುಗುವ, ಓದಲು ಹೆಚ್ಚು ಹೊತ್ತು ಬೇಕಾಗುವ ಹೈಸ್ಕೂಲು ಮಕ್ಕಳ ಅರ್ಜಿಗಳೆಲ್ಲ ನನ್ನ ಮೇಜಿಗೇ ಬರುತ್ತವೆ. ಯಾರಿಗೆ ಒಂದು ಗಂಟೆ ಹೆಚ್ಚು ಸಮಯ, ಯಾರಿಗೆ ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಯಾರಿಗೆ ಪಕ್ಕದಲ್ಲಿ ಕೂತು ಉತ್ತರ ಬರೆದುಕೊಡುವ ಸ್ಕ್ರೈಬ್. ಈ ಸ್ಕ್ರೈಬ್ ಒಂದು ಕ್ಲಾಸು ಕೆಳಗಿನವನಾಗಿರಬೇಕು, ಏಕೆಂದರೆ ಅವನಿಗೆ ಉತ್ತರ ಗೊತ್ತಿರಬಾರದು. ಹೇಳಿದ್ದನ್ನು ಬರೆಯಬೇಕು, ಬರೆದದ್ದನ್ನು ಓದಿ ಹೇಳಬೇಕು. ಅಷ್ಟೇ ಅವನ ಕೆಲಸ.

ಅವಳ ಹತ್ತನೇ ಕ್ಲಾಸಿನ ಪರೀಕ್ಷೆಗೆ ಆ ಕೆಲಸ ಮಾಡಿದವನು ಒಂಬತ್ತನೇ ಕ್ಲಾಸಿನ ನಾನು. ಅಕ್ಷರ ದುಂಡಗಿತ್ತು ಎನ್ನುವುದೊಂದೇ ನನ್ನ ಯೋಗ್ಯತೆ. "ಅಕ್ಕನ ಜೊತೆ ಕೂತು ಬರಿ" ಎಂದು ಹೆಡ್ ಮಿಸ್ ಕಳಿಸಿದ್ದರು. ಆ 'ಅಕ್ಕ' ಮಾತ್ರ ಮೊದಲ ದಿನದಿಂದಲೂ ನನ್ನ ಗಂಟಲು ದಾಟಲಿಲ್ಲ. ಹೆಸರು ಹಿಡಿದು ಕರೆಯುವ ಧೈರ್ಯವೂ ಇರಲಿಲ್ಲ. "ಇಲ್ಲಿ ಕೇಳಿ", "ಅದೇ", "ಹೂಂ" ಎನ್ನುತ್ತ ಅಭ್ಯಾಸದ ಒಂದು ತಿಂಗಳು ಕಳೆದೆ.

"ನೀನು ನನ್ನನ್ನ ಏನಂತಾನೂ ಕರೆಯಲ್ಲ," ಎಂದಿದ್ದಳು ಅವಳು ಒಂದು ದಿನ. "ನಾನಾದ್ರೂ ನಿನ್ನನ್ನ ಕರೀತೀನಿ. ಪೆನ್ನು."

ಈಗ ಅವಳು ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಟೀಚರ್. ತನ್ನ ಶಾಲೆಯ ಮಕ್ಕಳ ಅರ್ಜಿ ಹಿಡಿದು ವಾರಕ್ಕೊಮ್ಮೆ ಬರತೊಡಗಿದಳು. ಫಾರಂಗಳೆಲ್ಲ ಮುಗಿದ ಮೇಲೂ ಬಂದಳು. "ಸೀಲು ಸರಿಯಾಗಿ ಬಿದ್ದಿದ್ಯಾ ಅಂತ ಕೇಳೋಕೆ ಬಂದೆ" ಎನ್ನುತ್ತಿದ್ದಳು, ತುಟಿಯ ತುದಿಯಲ್ಲಿ ನಗು ಅದುಮಿ. ಕಚೇರಿ ಬಿಟ್ಟ ಮೇಲೆ ನನ್ನ ಮೊಣಕೈ ಹಿಡಿದು ಬಸ್‌ಸ್ಟಾಪಿನವರೆಗೆ ನಡೆಯುತ್ತಿದ್ದಳು. ಬೆರಳು ನಾಲ್ಕೇ, ಅದೂ ಶರಟಿನ ಮೇಲೆ. ನನ್ನ ಇಡೀ ದೇಹ ಆ ಮೊಣಕೈಗೆ ಬಂದು ಕೂತಿರುತ್ತಿತ್ತು.

"ಪ್ರತಿ ವರ್ಷ ಸ್ಕ್ರೈಬ್ ಮಕ್ಕಳಿಗೆ ನಾನೇ ಟ್ರೈನಿಂಗ್ ಕೊಡೋದು. ನಿನ್ನ ಕಥೆ ಹೇಳದೆ ಮುಗಿಸಲ್ಲ," ಎಂದಳು ಒಂದು ಸಂಜೆ.

"ನಂದೇನು ಕಥೆ?"

"ಒಂದಕ್ಷರ ಆಚೀಚೆ ಮಾಡಲಿಲ್ಲ ಆ ಹುಡುಗ ಅಂತ. ನನಗೆ ವಿಜ್ಞಾನದಲ್ಲಿ ನೂರಕ್ಕೆ ನೂರು ಬಂದಾಗ ಎಲ್ಲರೂ ಏನಂದ್ರು ಗೊತ್ತಾ? ಬರೆದವರು ಯಾರೋ, ಬಹುಮಾನ ಯಾರಿಗೋ. ನಾನು ಅವರಿಗೆ, ನನ್ನ ಪೆನ್ನಿಗೆ ಪಾಠವೇ ಬರ್ತಿರಲಿಲ್ಲ, ಬೇಕಾದ್ರೆ ಕೇಳಿ ನೋಡಿ ಅಂದೆ. ಎಲ್ಲರ ಬಾಯಿ ಬಂದ್."

ನನ್ನ ಬಾಯಿಯೂ ಬಂದ್ ಆಯಿತು.

ನಡೆದದ್ದು ಹೀಗೆ. ಒಂದು ತಿಂಗಳು ಅವಳ ಪುಸ್ತಕವನ್ನು ಗಟ್ಟಿಯಾಗಿ ಓದಿ ಓದಿ ಪಾಠ ನನಗೂ ಬಂದುಬಿಟ್ಟಿತ್ತು. ವಿಜ್ಞಾನದ ಪರೀಕ್ಷೆಯ ಕೊನೆಯ ಹತ್ತು ನಿಮಿಷ. ವಾಹನಗಳಲ್ಲಿ ಹಿಂದಿನ ರಸ್ತೆ ನೋಡಲು ಯಾವ ಕನ್ನಡಿ ಬಳಸುತ್ತಾರೆ ಎಂಬ ಪ್ರಶ್ನೆ, ಒಂದು ಅಂಕದ್ದು. "ಕನ್ನಡಿ ವಿಷಯ ನನ್ನನ್ನೇ ಕೇಳ್ತಾರಲ್ಲ" ಎಂದು ನಕ್ಕು, "ನಿಮ್ನ ದರ್ಪಣ" ಎಂದಳು. ಅದು ಒಳಬಾಗಿದ್ದು; ಉಬ್ಬಿದ್ದು, ಅಂದರೆ ಪೀನ ದರ್ಪಣ ಎನ್ನಬೇಕಿತ್ತು. ನನ್ನ ಕೈ ಪೀನ ಎಂದೇ ಬರೆಯಿತು.

"ಓದಿ ಹೇಳು," ಎಂದಳು.

ನಾನು, "ನಿಮ್ನ ದರ್ಪಣ" ಎಂದು ಓದಿದೆ.

ಬರೆದದ್ದಕ್ಕಿಂತ ಆ ಓದಿದ್ದು ದೊಡ್ಡ ಪಾಪ. ಕೈ ಜಾರಿತು ಎನ್ನಬಹುದು, ನಾಲಿಗೆ ಜಾರಿತು ಎನ್ನಲಾಗದು. ಆಗ ಮಾತ್ರ ನನಗೆ ನಾನೇ ಹೀರೋ. ಅವಳಿಗೆ ಗೊತ್ತಾಗದಂತೆ ಅವಳಿಗೆ ಒಳ್ಳೆಯದು ಮಾಡಿದವನು. ಬಹುಮಾನದ ದಿನ ಅವಳು ಶೀಲ್ಡಿನ ಮೇಲೆ ಕೊರೆದ ನೂರರ ಅಂಕಿಯನ್ನು ಬೆರಳಿನಿಂದ ಮತ್ತೆ ಮತ್ತೆ ಸವರುವುದನ್ನು ಹಿಂದಿನ ಸಾಲಿನಿಂದ ನೋಡಿದೆ. ಅವತ್ತೇ ಹೀರೋ ಸತ್ತ.

ಹೇಳಿಬಿಡಬೇಕೆಂದು ಈಗ ಮೂರು ಸಲ ಹೊರಟೆ. ಮೊದಲ ಸಲ ಬಸ್ಸು ಬಂತು. ಎರಡನೇ ಸಲ, ಅವಳ ಮನೆಗೆ ಹೋಗಿದ್ದಾಗ, ಅವಳ ಅಮ್ಮ ಬಂದರು, ಟೀ ಹಿಡಿದುಕೊಂಡು. "ನೀನೇ ಅಲ್ವೇನಪ್ಪ ಆ ಕೈ," ಎಂದು ನನ್ನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಬೆನ್ನ ಹಿಂದೆ ಶೋಕೇಸಿನಲ್ಲಿ ಶೀಲ್ಡು ಫಳಫಳ ಹೊಳೆಯುತ್ತಿತ್ತು. ನೆಲ ಬಾಯಿಬಿಟ್ಟರೆ ಸಾಕು ಎನಿಸಿತು.

ಮೂರನೇ ಸಲ ಬಾಯಿ ತೆರೆದವನು ಬೇರೇನೋ ಹೇಳಿಬಿಟ್ಟೆ. "ನನ್ನನ್ನ ಮದುವೆ ಆಗ್ತೀರಾ?"

ಮೊಣಕೈ ಮೇಲಿನ ಬೆರಳು ಒಮ್ಮೆ ಬಿಗಿಯಾಯಿತು. "ಅಕ್ಕ ಅನ್ನದೆ ಕಳ್ಳಾಟ ಆಡ್ತಿದ್ದಿದ್ದು ಇದಕ್ಕೇನಾ?"

"ಹೂಂ."

"ಶುಕ್ರವಾರ ಟ್ರೈನಿಂಗ್ ಇದೆ, ನೀನೂ ಬಂದು ಮಕ್ಕಳಿಗೆ ನಾಲ್ಕು ಮಾತು ಹೇಳು. ಅದು ಮುಗೀಲಿ, ಉತ್ತರ ಹೇಳ್ತೀನಿ."

ತಪ್ಪು ಒಪ್ಪಿಕೊಳ್ಳುವ ಮೊದಲೇ ಅವಳ ಕೈ ಕೇಳಿಬಿಟ್ಟಿದ್ದೆ. ಅವತ್ತು ಮನೆಗೆ ಹೋಗಿ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲೂ ಮನಸ್ಸಾಗಲಿಲ್ಲ.

ಶುಕ್ರವಾರ ಮಧ್ಯಾಹ್ನ, ಅವಳ ಶಾಲೆಯ ಕೊನೆಯ ಕೊಠಡಿ. ನಲವತ್ತು ಮಕ್ಕಳು. ಅವಳು ನನ್ನ ಕಥೆ ಹೇಳಿದಳು, ಎಷ್ಟು ಹೆಮ್ಮೆಯಿಂದ ಹೇಳಿದಳೆಂದರೆ ಕೆಲವರು ಚಪ್ಪಾಳೆ ತಟ್ಟಿದರು. ಆಗ ಎರಡನೇ ಬೆಂಚಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ಅವರು ತಪ್ಪು ಉತ್ತರ ಹೇಳಿದ್ರೆ? ನಮಗೆ ಸರಿ ಉತ್ತರ ಗೊತ್ತಿದ್ರೆ?"

"ಒಳ್ಳೆ ಪ್ರಶ್ನೆ. ಪೆನ್ನು, ನೀನೇ ಹೇಳು."

"ಹೇಳಿದ್ದನ್ನೇ ಬರೀಬೇಕು," ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಲವತ್ತು ಮಕ್ಕಳು ತಲೆ ತಗ್ಗಿಸಿ ನನ್ನ ಮಾತನ್ನು ನೋಟ್‌ಬುಕ್ಕಿನಲ್ಲಿ ಚಾಚೂ ತಪ್ಪದೆ ಬರೆದುಕೊಳ್ಳುತ್ತಿದ್ದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ನಾನು ಹಾಗೆ ಬರೀಲಿಲ್ಲ," ಎಂದೆ. "ಮಿಸ್ ನಿಮ್ನ ಅಂದ್ರು. ನಾನು ಪೀನ ಅಂತ ಬರೆದೆ. ಓದಿ ಹೇಳುವಾಗ ನಿಮ್ನ ಅಂತಲೇ ಓದಿ ಅವರಿಗೆ ಮೋಸ ಮಾಡಿದೆ. ಅವರ ಅಂಕ ತೊಂಬತ್ತೊಂಬತ್ತು."

ಬರೆಯುವ ಸದ್ದು ನಿಂತಿತು. ಅವಳ ಮುಖದ ಓರೆ ನೇರವಾಯಿತು. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕೇಳಿದ್ರಲ್ಲ," ಎಂದಳು ಮಕ್ಕಳಿಗೆ. "ಟ್ರೈನಿಂಗ್ ಇರೋದು ಇದಕ್ಕೇ. ಇವತ್ತಿಗೆ ಸಾಕು, ಹೊರಡಿ."

ಮಕ್ಕಳು ಹೋದ ಮೇಲೆ ಅವಳು ಕೋಲು ಬಿಡಿಸಿದಳು. ಹತ್ತಿರ ಹೋದೆ. "ಮುಟ್ಟಬೇಡ," ಎಂದಳು.

"ತಪ್ಪಾಯ್ತು."

"ಹನ್ನೆರಡು ವರ್ಷ ಇತ್ತು ನಿನಗೆ. ಈಗ ವಾರವಾರ ಸಂಜೆ ನನ್ನ ಪಕ್ಕದಲ್ಲೇ ನಡೀತಿದ್ದೆ. ನನ್ನೊಬ್ಬಳಿಗೆ ಹೇಳೋಕೆ ಆಗಲಿಲ್ಲ, ನಲವತ್ತು ಜನರ ಮುಂದೆ ಹೇಳಿದೆ."

"ನಿಮ್ಮೊಬ್ಬರ ಮುಂದೆ ಹೇಳೋಕೇ ಭಯ ಇತ್ತು."

"ನನಗೆ ಯಾವುದಕ್ಕೆ ಉರೀತಿದೆ ಗೊತ್ತಾ? ಹುಟ್ಟಿದಾಗಿನಿಂದ ಎಲ್ಲರೂ ನನಗೆ ಒಳ್ಳೇದು ಮಾಡಿದೋರೇ. ಬೇಡ ಅಂದ್ರೂ ರಸ್ತೆ ದಾಟಿಸ್ತಾರೆ, ಕೇಳದೆ ತಟ್ಟೆಗೆ ಬಡಿಸ್ತಾರೆ. ಆ ಪರೀಕ್ಷೇಲಿ ಒಬ್ಬ ಮಾತ್ರ ನನ್ನ ತಪ್ಪನ್ನೂ ತಪ್ಪಾಗೇ ಇರೋಕೆ ಬಿಟ್ಟ ಅಂದ್ಕೊಂಡಿದ್ದೆ. ಅದಕ್ಕೇ ನಿನ್ನನ್ನ ಇಷ್ಟಪಟ್ಟಿದ್ದು ಕಣೋ."

ನನಗೆ ಅಳು ಬಂತು. ಸದ್ದು ಮಾಡದೆ ಅತ್ತರೆ ಅವಳಿಗೆ ತಿಳಿಯುವುದಿಲ್ಲ ಎಂದುಕೊಂಡೆ. ಅದೂ ಒಂದು ಮೋಸವೇ ಎನಿಸಿ, "ಅಳ್ತಿದ್ದೀನಿ," ಎಂದೆ.

"ಗೊತ್ತು. ಮೂಗು ಹೇಳ್ತಿದೆ." ಅವಳು ಬೆಂಚಿನ ಮೇಲೆ ಕೂತಳು. "ಪೆನ್ನಿದ್ಯಾ? ಬರಿ."

ನಾನು ಜೇಬಿನಿಂದ ಪೆನ್ನು ತೆಗೆದು, ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ಅವಳ ಎಡಕ್ಕೆ ಕೂತೆ, ಅವತ್ತಿನ ಹಾಗೆಯೇ.

"ಗುರುವಾರ," ಎಂದು ಶುರು ಮಾಡಿದಳು.

ಅಂದು ಶುಕ್ರವಾರ. ಪೆನ್ನು ಕಾಗದದ ಮೇಲೆ ನಿಂತಿತು. ಗುರುವಾರ ಎಂದು ಬರೆದೆ.

"ಮಾನ್ಯ ಮುಖ್ಯೋಪಾಧ್ಯಾಯಿನಿಯವರಿಗೆ. ನಮ್ಮ ಹಳೆಯ ಶಾಲೆಯ ಸಾಧಕರ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದಿರುವ ವಿಜ್ಞಾನದ ನೂರನ್ನು ತೊಂಬತ್ತೊಂಬತ್ತು ಎಂದು ತಿದ್ದಬೇಕಾಗಿ ವಿನಂತಿ. ಒಂದು ಅಂಕ ನನ್ನದಲ್ಲ. ಅದನ್ನು ನನ್ನನ್ನು ಕೇಳದೆ ಕೊಟ್ಟರು. ನನ್ನ ತಪ್ಪು ಉತ್ತರವೂ ನನ್ನದೇ ಆಗಿತ್ತು. ಓದಿ ಹೇಳು."

ಓದಿದೆ, ಗುರುವಾರದಿಂದ ಹಿಡಿದು. ಅವಳು ಕಾಗದಕ್ಕೆ ಕೈ ಚಾಚಿದಳು, ತೆಗೆದುಕೊಂಡು ಬಾಗಿಲಿನವರೆಗೆ ನಡೆದಳು. ಹೊರಗೆ ಚಪ್ಪಲಿ ಹುಡುಕುತ್ತಿದ್ದ ಎರಡು ಜಡೆಯ ಹುಡುಗಿಯನ್ನು ಕರೆದು, "ಇದನ್ನ ಓದಮ್ಮ," ಎಂದಳು.

ನನ್ನ ಕಣ್ಣೆದುರಿಗೇ ಅದು ನಡೆಯಿತು, ನನ್ನ ಬರಹವನ್ನು ಇನ್ನೊಬ್ಬರಿಂದ ಪರೀಕ್ಷೆ ಮಾಡಿಸುವುದು. ನನಗೆ ತಕ್ಕದ್ದೇ. ಹುಡುಗಿ ಒಂದೊಂದೇ ಪದ ಓದಿದಳು. ಕೊನೆಗೆ, "ಮಿಸ್, ಗುರುವಾರ ಅಂತಿದೆ. ಇವತ್ತು ಶುಕ್ರವಾರ ಅಲ್ವಾ?" ಎಂದಳು.

"ಹೌದಮ್ಮ. ನಾನೇ ತಪ್ಪು ಹೇಳಿದ್ದು. ನೀನು ಹೋಗು."

ಅವಳು ವಾಪಸ್ ಬಂದು ಕೂತಳು. ಕಾಗದದ ಅಂಚನ್ನು ಬೆರಳಿನಿಂದ ಸವರಿದಳು.

"ತಪ್ಪು ಅಂತ ಗೊತ್ತಾದ್ರೆ ಬಾಯಿಬಿಟ್ಟು ಕೇಳ್ಬೇಕು. ಪರೀಕ್ಷೇಲಿ ಅಲ್ಲ, ಮನೇಲಿ," ಎಂದು ಕಾಗದವನ್ನು ನನ್ನ ಕಡೆ ಚಾಚಿದಳು. "ಶುಕ್ರವಾರ ಮಾಡು. ಕೆಳಗೆ ಇನ್ನೊಂದು ಸಾಲು ಸೇರಿಸು. ಈ ಪತ್ರವನ್ನು ಬರೆದವರನ್ನು ನಾನು ಮದುವೆಯಾಗಲಿದ್ದೇನೆ. ಆದ್ದರಿಂದ ಬೇರೊಬ್ಬರಿಂದಲೂ ಓದಿಸಿ ಖಚಿತಪಡಿಸಿಕೊಂಡಿದ್ದೇನೆ."

ನನ್ನ ದುಂಡಗಿನ ಅಕ್ಷರ ಅವತ್ತು ಕೋಳಿ ಕೆದರಿದಂತೆ ಬಿತ್ತು. "ಇದನ್ನೂ ಹೇಳಿದ ಹಾಗೇ ಬರೀಲಾ?"

"ಒಂದಕ್ಷರ ಬಿಡದೆ. ಕೋಪ ಹೋಗಿದೆ ಅಂದ್ಕೋಬೇಡ, ಅದು ಇನ್ನೂ ಬಹಳ ದಿನ ಇರುತ್ತೆ. ಅಮ್ಮನಿಗೆ ಶೀಲ್ಡಿನ ವಿಷಯ ನೀನೇ ಹೇಳ್ಬೇಕು."

"ಹೇಳ್ತೀನಿ. ಇವತ್ತೇ."

"ಸರಿ," ಎಂದು ಅವಳು ಮುಖವನ್ನು ಮತ್ತೆ ನನ್ನ ಕಡೆಗೆ ಓರೆ ಮಾಡಿದಳು. "ಈಗ ಕೊನೇ ಸಾಲು ಓದಿ ಹೇಳು."

ಓದಿದೆ. ಕಾಗದದಲ್ಲಿ ಇದ್ದದ್ದನ್ನೇ ಓದಿದೆ.