ಉಳವಪ್ಪ ಮಾಸ್ತರ ಮೃತ್ಯುಪತ್ರ

ಇದನ್ನು ನಾನು ಬರೆಯಬಹುದೋ ಬಾರದೋ ಎಂದು ಮೂರು ಸಲ ಕಾಗದ ಹರಿದಿದ್ದೇನೆ. ನಾನು ಪೊಲೀಸನಲ್ಲ, ವಕೀಲನೂ ಅಲ್ಲ. ಬೈಲಹೊಂಗಲದ ತಹಶೀಲ್ದಾರ ಕಚೇರಿಯ ಎದುರು ಕಾಗದಪತ್ರ ಟೈಪ್ ಮಾಡುವವನು, ಸಂಜೆ ಕಾಲೇಜಿನಲ್ಲಿ ಓದಿದವನು. ಹೆಸರು ಮಧು. ಹೇಳುವುದರಲ್ಲಿ ತಪ್ಪಾದರೆ ಕ್ಷಮಿಸಬೇಕು. ಜಾಣತನವೆಲ್ಲ ಪಿಎಸ್‌ಐ ಸಂಘಮಿತ್ರಾ ಮೇಡಂ ಅವರದು.

ಅಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಅನ್ನಪೂರ್ಣಾ ಅಕ್ಕ ನಿಂತಿದ್ದರು. ಗಂಡ ಉಳವಪ್ಪ ಮಾಸ್ತರು ತೀರಿಕೊಂಡು ಹದಿನೈದು ದಿನವಾಗಿತ್ತು. ಮನೆಯ ಖಾತೆ ಬದಲಾವಣೆಯ ಬಗ್ಗೆ ಪುರಸಭೆಯಿಂದ ಬಂದ ನೋಟಿಸನ್ನೂ ಒಂದು ಜೆರಾಕ್ಸನ್ನೂ ಮೇಜಿನ ಮೇಲಿಟ್ಟರು.

"ಓದ ತಮ್ಮಾ. ನನಗ ಕಣ್ಣ ಕಾಣವಲ್ವು."

ಅದು ಮಾಸ್ತರ ಮೃತ್ಯುಪತ್ರ. ವಾಸದ ಮನೆ ತಮ್ಮನ ಮಗ ಶ್ರೀಶೈಲನಿಗೆ ಎಂದಿತ್ತು. ತಾರೀಖು ಒಂದೂವರೆ ತಿಂಗಳ ಹಿಂದಿನದು. ಸಹಿ ಇಲ್ಲ, ಹೆಬ್ಬೆಟ್ಟು.

ಸಾಯುವ ಎರಡು ದಿನ ಮೊದಲು, ಶುಕ್ರವಾರ, ಮಾಸ್ತರು ಇದೇ ಬೆಂಚಿನ ಮೇಲೆ ಕುಳಿತು ನನ್ನಿಂದ ಮೃತ್ಯುಪತ್ರದ ಕರಡು ಟೈಪ್ ಮಾಡಿಸಿದ್ದರು. ಸಂಪಗಾಂವದ ಹೈಸ್ಕೂಲಿನ ಹೆಡ್‌ಮಾಸ್ತರು, ನಿವೃತ್ತಿಗೆ ಎರಡೇ ತಿಂಗಳು. "ಮಕ್ಕಳಿಲ್ಲ ಮಧು. ನಾಳೆ ಆಕಿ ಯಾರ ಮುಂದೂ ನಿಲ್ಲಬಾರದು" ಎಂದು ಮನೆಯನ್ನು ಹೆಂಡತಿಗೇ ಬರೆಸಿದ್ದರು. ಅಲ್ಲೇ ಇಬ್ಬರು ಸಾಕ್ಷಿಗಳೆದುರು ಸಹಿ ಹಾಕಿಸಿದ್ದರೆ ಸಾಕಿತ್ತು. ನೋಂದಣಿ ಕಡ್ಡಾಯವಲ್ಲ. ಆದರೆ ನಾನು, "ಸೋಮವಾರ ಬರ್ರಿ ಸರ, ನೋಂದಣಿನೂ ಮಾಡಿಸಿಬಿಡೂಣು" ಎಂದೆ. ಭಾನುವಾರ ಬೆಳಿಗ್ಗೆ ಎದೆನೋವು ಬಂತು.

"ತಿಂಗಳ ಕೊನೀಗೆ ಮನಿ ಖಾಲಿ ಮಾಡ್ರಿ ಅಂದಾನ ಶ್ರೀಶೈಲ" ಎಂದರು ಅಕ್ಕ. "ಎಲ್ಲಿಗಿ ಹೋಗ್ಲಿ?"

ಠಾಣೆಗೆ ಹೋದೆವು.

* * *

ಸಂಘಮಿತ್ರಾ ಮೇಡಂ ಮಾತು ಕಡಿಮೆ. ಮೊದಲು ನನ್ನನ್ನೇ ಹಿಡಿದರು.

"ಕರಡು ಟೈಪ್ ಮಾಡಿದವರು ನೀವು. ಈ ಪತ್ರಾನೂ ನೀವ ಮಾಡಿದ್ರೇನು?"

"ಇಲ್ರಿ ಮೇಡಂ."

"ಬೆರಳ ಕೊಡ್ರಿ."

ಎರಡು ದಿನ ನನ್ನ ಬೆರಳುಗಳು ಕಪ್ಪಗಿದ್ದವು. ಚಹಾದಂಗಡಿಯ ಮಾಳಪ್ಪ, "ಏನಪಾ, ಯಾರ ಮನೀಗೆ ಕನ್ನಾ ಹಾಕಿದಿ?" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಶ್ರೀಶೈಲನಿಗೆ ರಾಮದುರ್ಗದಲ್ಲಿ ಮೊಬೈಲ್ ಅಂಗಡಿ. "ದೊಡ್ಡಪ್ಪಗ ಜ್ವರಾ ಇತ್ರಿ, ಕೈ ನಡಗತಿತ್ತು, ಅದಕ್ಕ ಹೆಬ್ಬೆಟ್ಟ" ಎಂದ. ಸಾಕ್ಷಿ ಹಾಕಿದ ಇಬ್ಬರು ಹಮಾಲರೂ ಅದನ್ನೇ ಒಪ್ಪಿಸಿದರು. ಮೇಡಂ ಸಂಪಗಾಂವಕ್ಕೆ ಹೋಗಿ ಶಾಲೆಯ ಹಾಜರಿ ಪುಸ್ತಕ ತಂದರು. ಆ ತಾರೀಖಿಗೆ ಮಾಸ್ತರ ಸಹಿ ಇತ್ತು. ಗೆರೆ ಎಳೆದಂತೆ ನೆಟ್ಟಗೆ.

ಸೇವಾ ಪುಸ್ತಕದಲ್ಲಿ ಮಾಸ್ತರ ಎಡಗೈ ಬೆರಳುಗಳ ಗುರುತಿದ್ದವು. ಶ್ರೀಶೈಲನಿಂದ ಪಡೆದ ಮೂಲ ಮೃತ್ಯುಪತ್ರದ ಜೊತೆ ಅದನ್ನು ಬೆಳಗಾವಿಯ ಬೆರಳಗುರುತು ತಜ್ಞರಿಗೆ ಕಳಿಸಿದರು. ಹೊಂದಲಿಲ್ಲ. ನನ್ನದೂ ಹೊಂದಲಿಲ್ಲ, ಶ್ರೀಶೈಲನದೂ ಇಲ್ಲ. ಹಾಗಾದರೆ ಯಾರ ಹೆಬ್ಬೆಟ್ಟು?

ಮೇಡಂ ಬೆಳಗಾವಿಯಿಂದ ಮರಳಿದ ಮೂಲಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು.

"ಇಲ್ಲಿ ನೋಡ್ರಿ. ನಡನಡುವ ಶಾಯಿ ಹತ್ತಿಲ್ಲ. ಬಿಳೇ ಪುಡಿ ಅಂಟೇತಿ. ಏನಿರಬಹುದು?"

ನಾನು ಬಗ್ಗಿ ನೋಡಿದೆ. ಅವರು ಆಗಲೇ ಟೋಪಿ ಎತ್ತಿಕೊಂಡಿದ್ದರು.

* * *

"ಅಕ್ಕಾರ, ಸತ್ತವರನ್ನ ನಮ್ಮ ಮನ್ಯಾಗ ಬುದ್ಧವಂದನಾ ಮಾಡಿ ಕಳಸ್ತೀವಿ. ನಿಮ್ಮಲ್ಲಿ ಹೆಂಗ, ನನಗ ತಿಳಿಸಿ ಹೇಳ್ರಿ" ಎಂದರು ಮೇಡಂ, ಅಕ್ಕನ ಮನೆಯಲ್ಲಿ ಕುಳಿತು. ಕೇಳಿದ ರೀತಿಯಲ್ಲಿ ಅವಸರವಿರಲಿಲ್ಲ. ಅಕ್ಕ ನಿಧಾನಕ್ಕೆ ಹೇಳಿದರು.

"ಜಳಕಾ ಮಾಡಿಸಿ ಕುಂಡ್ರಿಸಿದ್ವಿ. ಮೈತುಂಬ ವಿಭೂತಿ ಹಚ್ಚಿದ್ರು. ಅಯ್ಯನವರು ಎಡಗೈಯಾಗ ಲಿಂಗಾ ಇಟ್ಟು, ಮ್ಯಾಲೆ ಬಿಳೇ ವಸ್ತ್ರ ಕಟ್ಟಿದ್ರು."

"ಬಲಗೈ?"

"ತೊಡಿ ಮ್ಯಾಲಿತ್ತು."

"ಆಮ್ಯಾಲೆ ಅವರ ಹತ್ರ ಒಬ್ರ ಯಾರರ ಇದ್ರೇನು?"

"ನಮ್ಮ ಮೈದುನ ವೀರಪ್ಪ ಬಾಗಲಾ ಮುಂದ ಮಾಡಿ ಪೂಜಾ ಮಾಡಿದ. ಆಮ್ಯಾಲೆ ಅವನ ಮಗ ಶ್ರೀಶೈಲ ಒಬ್ಬನ ಕುಂತು ಅತ್ತ."

ಮೇಡಂ ಮಾಸ್ತರ ಕನ್ನಡಕದ ಡಬ್ಬಿ ಕೇಳಿ ತೆಗೆದುಕೊಂಡರು. ಅವರು ತೀರಿದಂದಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಅದರ ಮೇಲಿನ ಬಲಗೈ ಹೆಬ್ಬೆಟ್ಟು ಮೃತ್ಯುಪತ್ರಕ್ಕೆ ಗೆರೆಗೆ ಗೆರೆ ಹೊಂದಿತು.

ಗಂಡಸರಿಗೆ ಎಡಗೈ ಹೆಬ್ಬೆಟ್ಟು, ಇದು ನಮ್ಮ ಕಚೇರಿಗಳ ವಾಡಿಕೆ. ದಿನವೂ ನಾನೇ ಒತ್ತಿಸುತ್ತೇನೆ. ಆದರೂ ನನ್ನ ತಲೆಗೆ ಹೋಗಿರಲಿಲ್ಲ.

* * *

ಮರುದಿನ ಅಕ್ಕನ ಪಡಸಾಲೆಯಲ್ಲಿ ಅಪ್ಪ, ಮಗ ಇಬ್ಬರನ್ನೂ ಕೂರಿಸಿದರು. ವೀರಪ್ಪನವರ ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಲಿಂಗಪೂಜೆಯಾಗದೆ ನೀರೂ ಮುಟ್ಟುವವರಲ್ಲ. ಅಣ್ಣ ಸತ್ತಾಗ ಅವರಷ್ಟು ಅತ್ತವರಿಲ್ಲ. ಶ್ರೀಶೈಲನ ಕೊರಳು ಖಾಲಿ.

"ಶ್ರೀಶೈಲ ಅವರ, ನಿಮ್ಮ ದೊಡ್ಡಪ್ಪನ ಎಡಗೈಗೆ ಕಟ್ಟಿದ ವಸ್ತ್ರ ಬಿಚ್ಚಬೇಕಾಗಿ ಬಂದಿದ್ರ, ಬಿಚ್ಚತಿದ್ರೇನು?"

"ಬಿಚ್ಚತಿದ್ನಿ. ಅದರಾಗೇನೈತ್ರಿ? ಅರಿವಿ ತುಂಡ ಅಷ್ಟ."

"ಬಾಯಿ ಮುಚ್ಚಲೇ!" ವೀರಪ್ಪ ಎದ್ದು ನಿಂತರು. "ಅಣ್ಣನ ಅಂಗೈಯಾಗ ಲಿಂಗಾ ಇತ್ತು! ಅದನ್ಯಾರು ಸರಸ್ತಾರ?"

"ಅದಕ್ಕ ನೀವು ಬಲಗೈ ಹಿಡಿದ್ರಿ" ಎಂದರು ಮೇಡಂ, ದನಿ ಏರಿಸದೆ.

ಮೇಡಂ ಮುಂದುವರಿಸಿದರು. ಬೆರಳು ಮಾಸ್ತರದೇ. ಸಹಿ ಮಾಡಬಲ್ಲವರು ಹೆಬ್ಬೆಟ್ಟು ಒತ್ತುವುದಿಲ್ಲ. ಒತ್ತಿದರೂ ಹೆಡ್‌ಮಾಸ್ತರು ಎಡಗೈ ಬಿಟ್ಟು ಬಲಗೈ ಕೊಡುವುದಿಲ್ಲ. ವಿಭೂತಿ ಮೆತ್ತಿದ ಬಲಗೈ ಮಾತ್ರ ಸಿಗುವ ಹೊತ್ತು ಒಂದೇ. ಆಗ ಒಬ್ಬೊಬ್ಬರಾಗಿ ಒಳಗಿದ್ದವರು ಇಬ್ಬರು. ಲಿಂಗಕ್ಕೆ ಅಂಜದವನು ಗಂಟು ಬಿಚ್ಚಿ ಎಡಗೈಯನ್ನೇ ಒತ್ತಿಸುತ್ತಿದ್ದ. ಅಂಜುವವರು ಒಬ್ಬರೇ.

ವೀರಪ್ಪ ಕೊರಳ ಕರಡಿಗೆ ಹಿಡಿದುಕೊಂಡು ಕುಳಿತರು. "ಅಣ್ಣನ ಚೀಲದಾಗ ಕರಡ ನೋಡಿದ್ನಿ. ಮನಿ ಮನೆತನದಾಗ ಉಳೀಬೇಕಂತ ಖಾಲಿ ಹಾಳಿ ಮ್ಯಾಲೆ ಒತ್ತಿಸಿಕೊಂಡು ಆಮ್ಯಾಲೆ ಬರೆಸಿದ್ನಿ. ಲಿಂಗಾ ಮುಟ್ಟಲಿಲ್ಲವ್ವಾ, ಆಣಿ ಮಾಡತೇನಿ."

"ಲಿಂಗಾ ಮುಟ್ಟಲಿಲ್ಲ" ಎಂದರು ಅನ್ನಪೂರ್ಣಾ ಅಕ್ಕ. "ನನ್ನ ಸೂರಿಗೆ ಕೈ ಹಾಕಿದಿ."

ಸಂಜೆಯೊಳಗೆ ಹಮಾಲರೂ ಬಾಯಿಬಿಟ್ಟರು. ವೀರಪ್ಪನವರನ್ನು ಜೀಪಿಗೆ ಹತ್ತಿಸುವಾಗ ಮೇಡಂ ಪೂಜೆಗೆ ನೀರು, ಮಣೆ ಕೊಡಲು ಪೇದೆಗೆ ಹೇಳಿದರು. ಇಂಥ ಅಧಿಕಾರಿ ನಮ್ಮೂರಿಗೆ ಸಿಕ್ಕಿದ್ದು ನಮ್ಮ ಪುಣ್ಯ.

ಮೃತ್ಯುಪತ್ರ ಬಿದ್ದುಹೋದ ಮೇಲೆ ಕಾನೂನಿನ ಪ್ರಕಾರ ಮನೆ ಹೆಂಡತಿಯದೇ. ಮರುವಾರ ಅಕ್ಕ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡೇ ನನ್ನ ಅಂಗಡಿಗೆ ಬಂದರು. "ನಂದೂ ಬರಿ. ಸೋಮವಾರ ಗೀಮವಾರ ಅನಬ್ಯಾಡ. ಈಗ ಸಹಿ ಮಾಡತೇನಿ."

ಮಾಡಿಸಿದೆ. ನಾಲ್ಕು ಸಲ ಓದಿ ನೋಡಿದೆ.

ಒಂದು ಮಾತು ಮಾತ್ರ ನನಗೆ ಗೊತ್ತಿಲ್ಲ. ಪುರಸಭೆಗೆ ಪತ್ರ ಕೊಟ್ಟ ಶ್ರೀಶೈಲನಿಗೆ ಅದು ಸುಳ್ಳೆಂದು ಗೊತ್ತಿತ್ತೆ? ಜ್ವರದ ಮಾತು ಅಪ್ಪ ಹೇಳಿದ್ದು, ತಾನು ನಂಬಿದೆ ಎಂದ. ವೀರಪ್ಪನವರೂ ಹಾಗೇ ಹೇಳಿದರು. ಮೇಡಂ ಅವರನ್ನು ಕೇಳಿದೆ. "ನನಗೂ ಗೊತ್ತಿಲ್ಲ" ಎಂದರು.