ನಿಕಲ್ ಇಲ್ಲದ ಹಲ್ಲು

ಬಾಯಿಗಿಟ್ಟ ಗಂಜಿಯನ್ನು ಅತ್ತೆ ಬಟ್ಟಲಿಗೇ ಉಗಿದರು.

"ಅಯ್ಯೋ, ಉರಿ! ಬಾಯೆಲ್ಲ ಬೆಂದುಹೋಯ್ತು... ಏನು ಹಾಕಿದ್ದಾಳೆ ಕೇಳೋ ನಿನ್ನ ಹೆಂಡತೀನ! ಈ ಮುದುಕಿ ಬೇಗ ಕಣ್ಣು ಮುಚ್ಚಲಿ ಅಂತ ಕಾಯ್ತಾ ಕೂತಿದ್ದಾಳೆ!"

ಸೊಸೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. ಗಂಜಿಗೆ ಅವಳು ಹಾಕಿದ್ದು ಒಂದು ಚಿಟಿಕೆ ಉಪ್ಪು ಮಾತ್ರ. ಗಂಡ ಎದ್ದು ಬಂದು ಪಾತ್ರೆಯಿಂದ ಒಂದು ಚಮಚ ತೆಗೆದು ರುಚಿ ನೋಡಿದ. "ಅಮ್ಮಾ, ಇದರಲ್ಲಿ ಖಾರಾನೇ ಇಲ್ವಲ್ಲ..." ಎಂದು ಮೆಲ್ಲಗೆ ಹೇಳಿದ್ದೇ ತಪ್ಪಾಯಿತು. "ಹೌದಪ್ಪಾ! ನಾನೇ ಸುಳ್ಳುಗಾರ್ತಿ! ಹೆತ್ತವಳ ಬಾಯಿಗಿಂತ ಕಟ್ಕೊಂಡವಳ ಕೈ ಮೇಲೆ ನಂಬಿಕೆ ನಿನಗೆ!" ಎಂದು ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದರು. ಮೇಜಿನ ತುದಿಯಲ್ಲಿ ಕುಳಿತಿದ್ದ ಮಾವ ಮಾತ್ರ ತಲೆ ಎತ್ತಲಿಲ್ಲ. ಹಿಂದೆಲ್ಲ ಹೆಂಡತಿಯ ಗದ್ದಲವನ್ನು ಒಂದು ತಮಾಷೆಯ ಮಾತಿನಲ್ಲಿ ತಣ್ಣಗಾಗಿಸುತ್ತಿದ್ದವರು ಅವರು. ಇತ್ತೀಚೆಗೆ ಅವರಿಗೆ ತಮಾಷೆಯೂ ಮರೆತುಹೋದಂತಿತ್ತು.

ಆ ಮನೆಯ ಮುಂಭಾಗವೇ ಹಲ್ಲಿನ ಲ್ಯಾಬು. ದಂತವೈದ್ಯರು ಕಳಿಸಿಕೊಡುವ ಅಚ್ಚುಗಳನ್ನು ನೋಡಿ ಹಲ್ಲಿನ ಮೇಲೆ ಕೂರಿಸುವ ಕ್ಯಾಪು, ಬಿದ್ದ ಹಲ್ಲಿನ ಜಾಗ ತುಂಬುವ ಬ್ರಿಜ್ಜುಗಳನ್ನು ಮಾಡಿಕೊಡುವುದು ಕಸುಬು. ಮಾವನಿಗೆ ಬೀದಿಯವರೆಲ್ಲ ಕೊಟ್ಟ ಹೆಸರು ಹಲ್ಲಿನ ಮೇಷ್ಟ್ರು. ಎದುರಿಗೆ ಬಂದವರು ನಮಸ್ಕಾರ ಹೇಳಿದರೆ ಮೇಷ್ಟ್ರು ಅವರ ಮುಖ ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. "ಆ ಎಡಗಡೆ ದವಡೆ ಹಲ್ಲು ನಂದೇ" ಎಂದು ಖುಷಿಪಡುತ್ತಿದ್ದರು. ಹಲ್ಲಿಗೆ ಪಿಂಗಾಣಿ ಹಚ್ಚಿ ಬಣ್ಣ ಹೊಂದಿಸುವುದು ಮಗನ ಕೆಲಸ. ಎರಕ ಹೊಯ್ದ ಲೋಹವನ್ನು ಕಲ್ಲಿಗೆ ಹಿಡಿದು ಉಜ್ಜಿ ನಯ ಮಾಡುವುದು ಸೊಸೆಯ ಪಾಲಿನದು. ಆದರೆ ಮೂಸೆಯಲ್ಲಿ ಲೋಹ ಕರಗಿಸಿ ಎರಕ ಹೊಯ್ಯುವ ಪೀಠ ಮಾತ್ರ ಮಾವನದು. ಅಲ್ಲಿಗೆ ಬೇರೆ ಯಾರೂ ಕೈ ಹಾಕುವಂತಿರಲಿಲ್ಲ.

ಅತ್ತೆಯ ಮೈಗೆ ನಿಕಲ್ ಆಗಿಬರುತ್ತಿರಲಿಲ್ಲ. ಗಡಿಯಾರ ಕಟ್ಟಿದರೆ ಮಣಿಕಟ್ಟು ಕೆಂಪಗೆ ಉಬ್ಬುತ್ತಿತ್ತು, ಲೋಹದ ಕನ್ನಡಕ ಹಾಕಿದರೆ ಕಿವಿಯ ಹಿಂದೆ ನೀರುಗುಳ್ಳೆ ಏಳುತ್ತಿತ್ತು. ಹಾಗಾಗಿ ಅವರ ಕೆಳದವಡೆಗೆ ಬ್ರಿಜ್ ಹಾಕಬೇಕು ಎಂದಾಗ ಮೇಷ್ಟ್ರು ಎದೆ ತಟ್ಟಿಕೊಂಡು ಹೇಳಿದ್ದರು: "ಊರವರಿಗೆಲ್ಲ ಹಲ್ಲು ಮಾಡಿದವನು ಹೆಂಡತಿಗೆ ಮಾಡದೆ ಇರ್ತೀನಾ? ನಿಕಲ್‌ನ ಸೋಂಕೂ ಇಲ್ಲದ ಕೋಬಾಲ್ಟ್ ಲೋಹದಲ್ಲಿ ಎರಕ ಹೊಯ್ದು ಕೊಡ್ತೀನಿ ಕಣೇ. ನಿನ್ನ ಕಾಲಾನಂತರವೂ ಉಳಿಯುತ್ತೆ!" ಅತ್ತೆ ಹುಸಿಕೋಪದಿಂದ "ಅಲ್ಲೀತನಕ ನೀವು ಇರ್ತೀರಲ್ಲ, ಅದೇ ನನ್ನ ಚಿಂತೆ" ಎಂದಿದ್ದರು. ಆ ದಿನ ಮನೆಯಲ್ಲಿ ಎಲ್ಲರೂ ನಕ್ಕಿದ್ದರು... ಬ್ರಿಜ್ ಕೂರಿಸಿಕೊಂಡು ಬಂದ ಕೆಲವು ದಿನಗಳಿಗೇ ಅತ್ತೆಯ ಬಾಯಿ ಉರಿ ಹತ್ತಿತು. ಉರಿಯ ಜೊತೆಗೆ ನಾಲಿಗೆಗೂ ಹರಿತ ಬಂತು.

ಸೊಸೆ ಖಾರ ಬಿಟ್ಟಳು, ಹುಳಿ ಬಿಟ್ಟಳು, ಕೊನೆಗೆ ಬಿಸಿಯನ್ನೂ ಬಿಟ್ಟಳು. ಉಹೂಂ! "ಡಾಕ್ಟರ ಹತ್ತಿರ ಒಂದು ಸಲ ತೋರಿಸೋಣ ಅತ್ತೆ" ಎಂದರೆ "ನಿನ್ನ ಅಡುಗೆಗೆ ಡಾಕ್ಟರು ಏನು ಮಾಡ್ತಾರೆ?" ಎಂದು ಮುಖ ತಿರುಗಿಸುತ್ತಿದ್ದರು. ಬಾಯಿ ತೆರೆದು ತೋರಿಸಿ ಎಂದರಂತೂ ತುಟಿ ಇನ್ನಷ್ಟು ಬಿಗಿಯುತ್ತಿತ್ತು. ಒಂದು ಮಧ್ಯಾಹ್ನ ಅತ್ತೆ ಕುರ್ಚಿಯಲ್ಲೇ ತೂಕಡಿಸುತ್ತ ಬಾಯಿ ತೆರೆದುಕೊಂಡು ಮಲಗಿಬಿಟ್ಟರು. ಸೊಸೆ ಕಳ್ಳಿಯ ಹಾಗೆ ಬಗ್ಗಿ ನೋಡಿದಳು. ನಾಲಿಗೆಯ ತುದಿ ಚೆನ್ನಾಗಿತ್ತು, ಅಂಗುಳವೂ ಚೆನ್ನಾಗಿತ್ತು. ಬ್ರಿಜ್ಜಿನ ಅಂಚಿಗೆ ತಾಗಿದ ಒಸಡು ಮತ್ತು ಅದಕ್ಕೆ ಉಜ್ಜುವ ಕೆನ್ನೆಯ ಒಳಭಾಗ ಮಾತ್ರ ಹಸಿಗಾಯದ ಹಾಗೆ ಕೆಂಪಾಗಿ ಊದಿಕೊಂಡಿದ್ದವು.

ಊಟದಿಂದ ಬಂದ ಉರಿ ಹಲ್ಲಿನ ಅಂಚು ಹುಡುಕಿಕೊಂಡು ಹೋಗುತ್ತದೆಯೇ? ಆಗ ಅವಳಿಗೆ ನೆನಪಾಯಿತು. ಆ ಬ್ರಿಜ್ಜನ್ನು ಉಜ್ಜಿದ್ದು ಅವಳೇ. ಕೋಬಾಲ್ಟ್ ಲೋಹ ಗಟ್ಟಿ. ಕಲ್ಲನ್ನೇ ತಿನ್ನುತ್ತದೆ, ಕೈ ನೋಯಿಸುತ್ತದೆ. ನಿಕಲ್ ಸೇರಿದ್ದಾದರೆ ಹೇಳಿದ ಮಾತು ಕೇಳುತ್ತದೆ, ಬೇಗ ಹೊಳೆಯುತ್ತದೆ. ಅತ್ತೆಯ ಬ್ರಿಜ್ಜು ಸಲೀಸಾಗಿ ನಯವಾಗಿತ್ತು. ಇದೇನು ಇಷ್ಟು ಮೆತ್ತಗಿದೆ ಎಂದು ಆಗಲೇ ಒಂದು ಗಳಿಗೆ ಅನ್ನಿಸಿತ್ತು. ಆದರೆ ಎರಕ ಹೊಯ್ದವರು ಮಾವ! ಅವರ ಎರಕವನ್ನು ಪ್ರಶ್ನೆ ಮಾಡಲು ಇವಳು ಯಾರು? ಹಾಗೆ ಸುಮ್ಮನಾಗಿದ್ದಕ್ಕೆ ಈಗ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮಾವನನ್ನೇ ಕೇಳೋಣವೆಂದು ಲ್ಯಾಬಿಗೆ ಹೋದವಳು ಬಾಗಿಲಲ್ಲೇ ನಿಂತಳು. ಮಾವ ಕಿಟಕಿಯ ಬಳಿ ಬೆನ್ನು ಮಾಡಿ ನಿಂತಿದ್ದರು. ಕೈಯಲ್ಲಿ ಬೆರಳ ತುದಿಯಷ್ಟು ಗಾತ್ರದ ಲೋಹದ ತುಂಡು. ಎಲ್ಲ ತುಂಡುಗಳದೂ ಒಂದೇ ಬಣ್ಣ, ಒಂದೇ ಆಕಾರ. ಯಾವುದು ಯಾವ ಲೋಹ ಎಂದು ಹೇಳುವುದು ಮೇಲೆ ಒತ್ತಿದ ಸಣ್ಣ ಅಕ್ಷರಗಳು ಮಾತ್ರ. ಮಾವ ಅದನ್ನು ಮೂಗಿನ ಹತ್ತಿರ ಹಿಡಿದರು, ದೂರ ಹಿಡಿದರು, ಕತ್ತು ಓರೆ ಮಾಡಿ ಕಣ್ಣಂಚಿನಿಂದ ನೋಡಿದರು. ಕೊನೆಗೆ ಹೆಬ್ಬೆರಳಿನಿಂದ ಸವರಿ ಸವರಿ ನೋಡಿ, ನಿಟ್ಟುಸಿರು ಬಿಟ್ಟು, ಅಂದಾಜಿನ ಮೇಲೆ ಒಂದು ಡಬ್ಬಿಗೆ ಹಾಕಿದರು. ಮೇಣದ ಹಲ್ಲು ತಿದ್ದಲು ಆ ಬೆರಳುಗಳಿಗೆ ಕಣ್ಣು ಬೇಕಿರಲಿಲ್ಲ. ಆದರೆ ಅಕ್ಷರ ಓದಲು ಬೇಕಲ್ಲ! ಸೊಸೆ ಸದ್ದು ಮಾಡದೆ ಹಿಂದಕ್ಕೆ ಬಂದಳು. ಸ್ವಲ್ಪ ಹಿಂದೆ ಒಬ್ಬರ ಕ್ಯಾಪು ಇನ್ನೊಬ್ಬರ ಪೆಟ್ಟಿಗೆಗೆ ಹೋಗಿ ಗಲಾಟೆಯಾದಾಗ ಗಂಡ ಖಡಾಖಂಡಿತವಾಗಿ ಹೇಳಿದ್ದ: "ಇನ್ನೊಂದು ತಪ್ಪಾದರೆ ಅಪ್ಪನ್ನ ಎರಕದ ಪೀಠದಿಂದ ಎಬ್ಬಿಸ್ತೀನಿ. ಜನರ ಬಾಯಿಗೆ ಹೋಗೋ ವಸ್ತು ಇದು." ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಪೀಠದಿಂದ ಎದ್ದ ಮಾವ ಎಲ್ಲಿ ಕೂರಬೇಕು? ಅವರ ಉಸಿರೇ ಆ ಮೂಸೆಯಲ್ಲಿತ್ತು.

ಮರುದಿನ ಬೆಳಗಿನ ತಿಂಡಿಯ ಹೊತ್ತಿಗೆ ಅತ್ತೆ ಮತ್ತೆ ತಟ್ಟೆ ತಳ್ಳಿದರು. "ಇವಳ ಕೈಯಿಂದ ನೀರೂ ಮುಟ್ಟಲ್ಲ. ಒಂದೋ ಇವಳಿರಬೇಕು ಈ ಮನೇಲಿ, ಇಲ್ಲ ನಾನಿರಬೇಕು!"

ಗಂಡ ತಲೆ ಹಿಡಿದುಕೊಂಡ. "ನೋಡು, ನೀನು ಬೇಕಂತ ಏನೋ ಮಾಡಿದೀಯ ಅಂತ ನಾನು ಹೇಳ್ತಿಲ್ಲ. ಆದರೆ ಅಮ್ಮ ಊಟ ಬಿಟ್ಟಿದ್ದಾಳೆ. ಸ್ವಲ್ಪ ದಿನ ತವರಿಗೆ ಹೋಗಿರು..."

"ಸ್ವಲ್ಪ ದಿನ ಅಂದ್ರೆ?"

ಅವನು ತಾಯಿ ತಳ್ಳಿದ ತಟ್ಟೆಯನ್ನು ಮತ್ತೆ ತಾಯಿಯ ಮುಂದಕ್ಕೆ ಸರಿಸಿದ. ಹೆಂಡತಿಯ ಮುಖ ನೋಡಲಿಲ್ಲ.

ಸೊಸೆ ಮಾವನತ್ತ ನೋಡಿದಳು. ಸುಮ್ಮನೆ ಹೊರಟುಹೋದರೆ ಅತ್ತೆಯ ಬಾಯಿ ಕೊಳೆಯುತ್ತದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಮಾವ ಕುಸಿಯುತ್ತಾರೆ. ಉಳಿದದ್ದು ಒಂದೇ ದಾರಿ.

"ಊಟದಿಂದ ಅಲ್ಲ, ಬ್ರಿಜ್ಜಿಂದ ಉರೀತಿರೋದು. ಅದು ನಿಕಲ್ ಲೋಹ. ತಪ್ಪು ನಂದು. ಆವತ್ತು ಡಬ್ಬಿ ಒರೆಸುವಾಗ ತುಂಡುಗಳನ್ನ ಅದಲು ಬದಲು ಮಾಡಿಟ್ಟಿದ್ದೆ. ಮಾವ ನನ್ನ ನಂಬಿ ಕರಗಿಸಿದರು... ಈಗ ಹೇಳ್ತಿದೀನಿ. ಬೈರಿ."

ಮಾವ ತಲೆ ಎತ್ತಿದರು. ಅವರ ತುಟಿ ಏನನ್ನೋ ಹೇಳಲು ತೆರೆದುಕೊಂಡಿತು... ಮತ್ತೆ ಮುಚ್ಚಿಕೊಂಡಿತು. ಅತ್ತೆ ಸೊಸೆಯನ್ನು ಬೈಯಲಿಲ್ಲ. ಮಾವನ ಮುಖವನ್ನೇ ದಿಟ್ಟಿಸಿ, "ಹಾಗಾದರೆ ತೆಗೆಸಿಬಿಡೋಣ" ಎಂದಷ್ಟೇ ಹೇಳಿದರು. ರೇಗಿದವನು ಮಗ. "ಅಮ್ಮನ ಮೈಗೆ ಆಗಲ್ಲ ಅಂತ ಗೊತ್ತಿದ್ದೂ ಇಷ್ಟು ಬೇಜವಾಬ್ದಾರಿಯಾ? ಇನ್ನು ಮೇಲೆ ಲ್ಯಾಬಿನ ಹೊಸಿಲು ತುಳಿಯಬೇಡ ನೀನು!"

ದಂತವೈದ್ಯೆ ಬ್ರಿಜ್ಜನ್ನು ಕೊರೆದು ತೆಗೆದರು. ಒಸಡಿನ ಕೆಂಪು ದಿನೇ ದಿನೇ ಇಳಿಯಿತು. ಅತ್ತೆ ಗಂಜಿಯನ್ನೂ ಕುಡಿದರು, ಖಾರದ ಪಲ್ಯವನ್ನೂ ತಿಂದರು. ಸೊಸೆ ತವರಿಗೆ ಹೋಗುವುದು ತಪ್ಪಿತು. ಆದರೆ ಅವಳ ಉಜ್ಜುವ ಕಲ್ಲಿನ ಮೇಲೆ ಧೂಳು ಕೂತಿತು. ಕೆಲಸವಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಮಾವ ಎದುರಾದರೆ ಗೋಡೆಯ ಕಡೆ ಸರಿದು ಹೋಗುತ್ತಿದ್ದರು. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತಿತ್ತು. ಒಳ್ಳೆಯದು ಮಾಡಿ ಕೆಟ್ಟವಳಾದೆನಲ್ಲ ಎಂದು ಒಮ್ಮೊಮ್ಮೆ ಕಣ್ಣು ತುಂಬುತ್ತಿತ್ತು.

ಅತ್ತೆಗೆ ಹೊಸ ಬ್ರಿಜ್ ಮಾಡುವ ದಿನ ಬಂತು. ಮೇಣದ ಹಲ್ಲನ್ನು ಮಾವ ಬೆರಳಲ್ಲೇ ತಿದ್ದಿ ಮುಗಿಸಿದ್ದರು. ಅದರ ಸುತ್ತ ಕಟ್ಟಿದ ಅಚ್ಚು ಒಲೆಯೊಳಗೆ ಕೆಂಪಗೆ ಕಾದಿತ್ತು. ಇನ್ನು ಲೋಹ ಕರಗಬೇಕು, ತಡಮಾಡುವ ಹಾಗಿರಲಿಲ್ಲ. ಮಾವ ಅಂಗೈಯಲ್ಲಿ ತುಂಡು ಹಿಡಿದುಕೊಂಡು ನಿಂತರು. ನಿಂತೇ ಇದ್ದರು.

"ಮಗಳೇ! ಇಲ್ಲಿ ಬಾಮ್ಮ!"

ಅಡುಗೆಮನೆಯಲ್ಲಿದ್ದ ಸೊಸೆಗೆ ತನ್ನ ಕಿವಿಯನ್ನು ನಂಬಲಾಗಲಿಲ್ಲ. ಅವಳು ಓಡಿಬಂದು ಹೊಸಿಲ ಆಚೆ ನಿಂತಳು. ಪಿಂಗಾಣಿ ಕಲಸುತ್ತಿದ್ದ ಮಗ ಹುಬ್ಬು ಗಂಟಿಕ್ಕಿದ. "ಅವಳನ್ನ ಯಾಕೆ ಕರೀತೀರಪ್ಪ?"

"ಓದೋಕೆ. ಇದರ ಮೇಲೆ ಏನು ಬರೆದಿದೆ ಅಂತ ನನಗೆ ಕಾಣಿಸ್ತಿಲ್ಲ."

"ಕನ್ನಡಕ ಹಾಕ್ಕೊಳ್ಳಿ."

"ಹಾಕ್ಕೊಂಡೇ ಇದೀನಲ್ಲ ಮಗಾ..."

ಮಗನ ಕೈಯ ಕುಂಚ ಅಲ್ಲೇ ನಿಂತಿತು. ಮಾವ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಆವತ್ತೂ ಕಾಣಿಸಿರಲಿಲ್ಲ. ಅಂದಾಜಿನ ಮೇಲೆ ಹಾಕಿದೆ. ಈ ಹುಡುಗಿ ಆ ಡಬ್ಬಿ ಮುಟ್ಟೇ ಇಲ್ಲ ಕಣೋ! ನನ್ನ ತಪ್ಪನ್ನ ಇವಳು ತಲೆ ಮೇಲೆ ಹೊತ್ಕೊಂಡಳು. ನಾನು ಬಾಯಿ ಬಿಡಲಿಲ್ಲ. ಈ ಪೀಠ ಹೋಗುತ್ತೆ ಅಂತ ಹೆದರಿ, ಮಗಳಂಥವಳನ್ನ ಬೈಸಿಕೊಂಡು ನಿಲ್ಲೋಕೆ ಬಿಟ್ಟೆ... ಹೇಡಿ ನಾನು!"

"ಸುಮ್ನಿರಿ ನೀವು!" ಪಕ್ಕದ ಕೋಣೆಯಿಂದ ಅತ್ತೆ ನುಗ್ಗಿ ಬಂದರು. "ಅವಳು ಒಪ್ಕೊಂಡಾಗಿತ್ತಲ್ಲ! ಎಲ್ಲಾ ಮುಗಿದಿತ್ತಲ್ಲ! ಮತ್ತೆ ಯಾಕೆ ಕೆದಕ್ತೀರಿ?"

ಹೇಳಿದ ಮೇಲೆ ಅತ್ತೆಗೆ ತಾವು ಏನು ಹೇಳಿದೆವೆಂದು ಗೊತ್ತಾಯಿತು. ಸೊಸೆ ಅವರತ್ತ ತಿರುಗಿದಳು.

"ಅತ್ತೆ... ನಿಮಗೆ ಗೊತ್ತಿತ್ತಾ?"

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. "ಇವರನ್ನ ಕಣ್ಣಿನ ಡಾಕ್ಟರ ಹತ್ತಿರ ಕರ್ಕೊಂಡು ಹೋದವಳೇ ನಾನು. ನೋಟದ ನಡುಮಧ್ಯ ಮಸುಕಾಗ್ತಾ ಹೋಗುತ್ತೆ, ಇದನ್ನ ವಾಸಿ ಮಾಡೋಕೆ ಆಗಲ್ಲ ಅಂದರು. ಯಾರಿಗೂ ಹೇಳಬೇಡ ಅಂತ ಇವರು ಕೈ ಹಿಡ್ಕೊಂಡು ಬೇಡಿದರು. ಬಾಯಿ ಉರಿದ ಮೊದಲನೇ ದಿನವೇ ನನಗೆ ಅನುಮಾನ ಬಂತು. ಹಲ್ಲಿಂದ ಅಂತ ಹೇಳಿದ್ರೆ ಇವರು ಉಳೀತಿದ್ರಾ? ಅದಕ್ಕೇ ಅಡುಗೆ ಮೇಲೆ ಹಾಕಿದೆ... ನೀನು ಗಟ್ಟಿ, ನೀನು ತಡ್ಕೋತೀಯ ಅಂದ್ಕೊಂಡೆ..."

"ನಾನು ತಡ್ಕೋತೀನಿ ಅಂತ ಯಾರು ಹೇಳಿದ್ರು ಅತ್ತೆ ನಿಮಗೆ?" ಸೊಸೆಯ ದನಿ ಏರಿತು. ಮದುವೆಯಾಗಿ ಬಂದಮೇಲೆ ಆ ಮನೆಯಲ್ಲಿ ಅವಳ ದನಿ ಏರಿದ್ದು ಅದೇ ಮೊದಲು. "ಸಾಯಿಸೋಕೆ ಕಾಯ್ತಿದ್ದಾಳೆ ಅಂದ್ರಿ! ನನ್ನ ಗಂಡನೇ ಹೊರಡು ಅಂದ! ಅಡುಗೆ ಮಾಡುವಾಗ ಉಪ್ಪಿನ ಡಬ್ಬೀನೂ ಎರಡೆರಡು ಸಲ ಮೂಸಿ ನೋಡ್ತಿದ್ದೆ, ಗೊತ್ತಾ ನಿಮಗೆ? ನಿಜವಾಗಲೂ ನಾನೇ ಏನಾದರೂ ಹಾಕ್ತಿದೀನಾ ಅಂತ ನನಗೇ ಅನುಮಾನ ಬರೋದು! ನನ್ನ ಹತ್ತಿರ ಗುಟ್ಟಾಗಿ ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ ಅತ್ತೆ... ನಾನೂ ಮಾವನ್ನ ಉಳಿಸೋಕೇ ನೋಡ್ತಿದ್ದೆನಲ್ಲ..."

ಮಗ ಎದ್ದು ಬಂದು ಹೆಂಡತಿಯ ಭುಜದ ಮೇಲೆ ಕೈ ಇಡಲು ಹೋದ. ಅವಳು ಸರಿದು ನಿಂತಳು. ಅವನು ಆ ಕೈಯನ್ನು ಹಿಂದಕ್ಕೆಳೆದುಕೊಂಡು ತಲೆ ತಗ್ಗಿಸಿದ.

"ಅಚ್ಚು ಆರುತ್ತಮ್ಮ" ಎಂದರು ಮಾವ, ಬೇಡುವ ಹಾಗೆ.

ಸೊಸೆ ಕಣ್ಣೊರೆಸಿಕೊಂಡಳು. ಹೊಸಿಲು ದಾಟಿ ಬಂದಳು. ಮಾವನ ಅಂಗೈಯಲ್ಲಿದ್ದ ತುಂಡನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. "ಕೋಬಾಲ್ಟ್, ಕ್ರೋಮಿಯಂ ಮಾವ. ನಿಕಲ್ ಇಲ್ಲ."

ಮಾವ ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಸೊಂಟದ ಚರ್ಮದ ಏಪ್ರನ್ನನ್ನು ಬಿಚ್ಚಿ ಅವಳಿಗೆ ಕಟ್ಟಿದರು. ಗಂಟು ಹಾಕಲು ಅವರ ಬೆರಳುಗಳಿಗೆ ಬಹಳ ಹೊತ್ತು ಬೇಕಾಯಿತು. "ಕೂತ್ಕೋ. ನೀನು ನೋಡಿ ಹೇಳು, ನಾನು ಯಾವಾಗ ಅಂತ ಹೇಳ್ತೀನಿ." ಅವಳು ಆ ಪೀಠದ ಮೇಲೆ ಕೂತು ಜ್ವಾಲೆ ಹಚ್ಚಿದಳು. ತುಂಡಿನ ಅಂಚು ಕೆಂಪಾಯಿತು, ಬೆಳ್ಳಗಾಯಿತು, ಮೂಲೆಗಳು ದುಂಡಾದವು. ಕಂಡದ್ದನ್ನೆಲ್ಲ ಅವಳು ಒಂದೊಂದಾಗಿ ಹೇಳುತ್ತ ಹೋದಳು. ಮಾವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. "ಈಗ!" ಎಂದರು. ಅವಳು ಎರಕದ ಯಂತ್ರದ ತಡೆ ತೆಗೆದಳು. ಅದು ಗಿರ್ರನೆ ಸುತ್ತಿ, ಕರಗಿದ ಲೋಹವನ್ನು ಅಚ್ಚಿಗೆ ಎಸೆದು, ನಿಧಾನವಾಗಿ, ನಿಂತಿತು.

ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ಸದ್ದಿಲ್ಲದೆ ಅಳುತ್ತಿದ್ದರು. ಸೆರಗಿನಿಂದ ಕಣ್ಣೊರೆಸಿಕೊಂಡು ಒಂದು ಹೆಜ್ಜೆ ಒಳಗೆ ಬಂದರು.

"ಈ ಸಲ ಉರಿದರೆ... ಎಲ್ಲಿ ಉರೀತಿದೆ ಅಂತ ನಿಜ ಹೇಳ್ತೀನಿ ಕಣೇ."

ಸೊಸೆ ತಿರುಗಿ ನೋಡಲಿಲ್ಲ. ಬಿಸಿ ಅಚ್ಚನ್ನು ಇಕ್ಕಳದಲ್ಲಿ ಹಿಡಿದು ಕೆಳಗಿಟ್ಟಳು.

"ಹೇಳಿ ಅತ್ತೆ" ಎಂದಳು. "ನನಗೇ ಹೇಳಿ."