ಲೆಕ್ಕಕ್ಕಿಲ್ಲದ ಎರಡು ಕ್ಲಿಕ್ಕು

ಕ್ಯಾಮೆರಾದ ಮುಚ್ಚಳ ತೆರೆದ ಮೇಲೆಯೇ ಅವನಿಗೆ ಹೊಳೆದದ್ದು, ಫಿಲ್ಮನ್ನು ಇನ್ನೂ ಹಿಂದಕ್ಕೆ ಸುತ್ತಿಲ್ಲವೆಂದು.

ತಟ್ಟನೆ ಮುಚ್ಚಿದ. ಆದರೆ ಹಾಳು ಮಾಡಲು ಬೆಳಕಿಗೆ ಅಷ್ಟು ಹೊತ್ತು ಧಾರಾಳ ಸಾಕು. ಹದಿನೆಂಟು ವರ್ಷದಿಂದ ಕಂಡವರ ರೋಲು ತೊಳೆದ ಸ್ಟುಡಿಯೋದವನು ಹೊಸಬರೂ ಮಾಡದ ತಪ್ಪು ಮಾಡಿ ಕೂತಿದ್ದ. ಅದೂ ಯಾರ ರೋಲಿಗೆ? ಎದುರಿನ ಕನ್ನಡಕದಂಗಡಿಯಾಕೆಯ ರೋಲಿಗೆ. ಹತ್ತಿರದ್ದು ಕಾಣುವುದಿಲ್ಲವೆಂದು ಅವನ ಮೂಗಿಗೆ ಕನ್ನಡಕ ಏರಿಸಿದವಳೂ ಅವಳೇ.

ಎರಡು ತಿಂಗಳ ಹಿಂದೆ ದೊಡ್ಡಪ್ಪನ ಹಳೆಯ ಪುಟ್ಟ ಕ್ಯಾಮೆರಾ ಹಿಡಿದು ಬಂದಿದ್ದಳು. ಅವನು ರೋಲು ಹಾಕಿ, ಮೊದಲ ಎರಡು ಕ್ಲಿಕ್ಕು ಲೆಕ್ಕಕ್ಕಿಲ್ಲ, ಗೋಡೆಗೆ ಹಿಡಿದು ಒತ್ತಿಬಿಡಿ ಎಂದಿದ್ದ. ಒತ್ತಿದ್ದಳು. ಆಮೇಲೆ ಅದರದ್ದೇ ಹುಚ್ಚು ಹಿಡಿಯಿತು. ಹೆಬ್ಬೆರಳಿನಿಂದ ಚಕ್ರ ತಿರುಗಿಸುವಾಗಿನ ಕರಕರ, ಮೂವತ್ತಾರೇ ಇವೆಯೆಂಬ ಜಿಪುಣತನ, ಹೇಗೆ ಬಂತೋ ಎಂದು ಕಾಯುವ ಸುಖ. ಊಟದ ಬಿಡುವಿನಲ್ಲಿ ರಸ್ತೆ ದಾಟಿ ಬಂದು ವರದಿ ಒಪ್ಪಿಸುವಳು: ಇವತ್ತು ಒಂದೇ ಒಂದು, ಒಣಗಲು ಹರವಿದ ಕೊಡೆ. ಅವನು ಕೊಡೆಯ ಬಣ್ಣ ಕೇಳುತ್ತ, ನಕ್ಕಾಗ ಅವಳ ಕಣ್ಣಂಚಿನಲ್ಲಿ ಮೂಡುವ ಗೆರೆ ನೋಡುವನು.

ಮೊನ್ನೆ ಧೈರ್ಯ ಮಾಡಿ, ನನ್ನನ್ನು ಮದುವೆಯಾಗುವಿರಾ ಎಂದು ಕೇಳಿಯೇಬಿಟ್ಟಿದ್ದ. ಬೇರೆ ಊರಿನ ಶಾಖೆಗೆ ಅವಳನ್ನು ಕರೆದಿದ್ದರು. ಬರುವೆನೋ ಇಲ್ಲವೋ ಇವತ್ತು ಸಂಜೆಯೊಳಗೆ ತಿಳಿಸಬೇಕಿತ್ತು. ಅವನಿಗೆ ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬೆಳಿಗ್ಗೆ ಕ್ಯಾಮೆರಾವನ್ನು ಅವನ ಅಂಗೈಗಿಟ್ಟು, "ಉತ್ತರ ರೋಲಲ್ಲಿದೆ. ತೊಳೆದು ನೋಡಿ" ಎಂದು ಹೊರಟುಹೋದಳು. ಆ ಮಾತಿಗೇ ಅವನ ಕೈ ತಪ್ಪಿದ್ದು.

ಕೌಂಟರಿನಲ್ಲಿದ್ದ ಅಕ್ಕ ತಲೆ ಚಚ್ಚಿಕೊಂಡಳು. "ಉತ್ತರ ಕೊಟ್ಟ್ರೆ ಓದೋಕ್ ಮುಂಚೆ ಸುಟ್ಟೆಯಲ್ಲೋ ಮಂಕೇ."

ಕತ್ತಲಕೋಣೆಯಲ್ಲಿ ಅಷ್ಟು ಉದ್ದದ ಅರ್ಧಗಂಟೆಯನ್ನು ಅವನು ಎಂದೂ ಕಂಡಿರಲಿಲ್ಲ. ಫಿಲ್ಮನ್ನು ಹೊರತಂದು ಬೆಳಕಿಗೆ ಹಿಡಿದ. ಮೂವತ್ತಾರು, ಮೂವತ್ತೈದು, ಮೂವತ್ತನಾಲ್ಕು... ಮಸಿ ಬಳಿದಂತೆ ಕಪ್ಪು. ಒಳಗೆ ಸುತ್ತಿಕೊಂಡಿದ್ದ ಮೊದಮೊದಲಿನವಷ್ಟೇ ಉಳಿದಿದ್ದವು: ಕೊಡೆ, ಬೆಕ್ಕು, ಮೆಟ್ಟಿಲ ಮೇಲಿನ ಬೂಟು. ಉತ್ತರದಂತಿರುವುದು ಒಂದೂ ಇಲ್ಲ. ಕೊನೆಯದರಲ್ಲೇ ಇದ್ದಿರಬೇಕು.

ಸಂಜೆ ಅವಳು ಬಂದಾಗ ಅವನು ತಲೆ ಎತ್ತದೆ ಎಲ್ಲ ಒಪ್ಪಿಕೊಂಡ. ಹೇಳುತ್ತಲೇ, ಕೈಯ ರೂಢಿಯಂತೆ, ಫಿಲ್ಮಿನ ಮೊದಲ ತುದಿಗೆ ಕತ್ತರಿ ಹಿಡಿದ.

"ಅದನ್ಯಾಕೆ ಕತ್ತರಿಸ್ತೀರಿ?"

"ಇದು ವೇಸ್ಟು. ಲೆಕ್ಕಕ್ಕಿಲ್ಲದ್ದು."

"ನೋಡ್ದೇನೇ?"

ಅವನು ಭೂತಗನ್ನಡಿ ಇಟ್ಟ. ಒಂದಂಚು ಸುಟ್ಟಿತ್ತು. ಉಳಿದದ್ದರಲ್ಲಿ ಗೋಡೆ ಇರಲಿಲ್ಲ. ನೆಗೆಟಿವಿನ ತಿರುಗುಮುರುಗಿನಲ್ಲಿ ಬಿಳಿಗೂದಲು, ಕಪ್ಪು ಮುಖ, ಹಣೆಗೇರಿದ ಕನ್ನಡಕ. ಯಾರಿಗೋ ಗೋಡೆ ತೋರಿಸುತ್ತಿರುವ ಬೆರಳು. ಅವನದೇ. ಪಕ್ಕದ್ದರಲ್ಲೂ ಅವನೇ.

"ನೀವು ಕೇಳಿದ್ದು ಮೊನ್ನೆ, ಉತ್ತರ ಎರಡು ತಿಂಗಳ ಹಿಂದಿನದು," ಎಂದಳು ಅವಳು ಮೆಲ್ಲಗೆ. "ಹತ್ತಿರದ್ದು ಕಾಣಲ್ಲ ಅಂತ ಕನ್ನಡಕ ಕೊಟ್ಟಾಗ್ಲೇ ನಾನು ಹೇಳಿರ್ಲಿಲ್ವಾ?"

ಶಾಖೆಯವರಿಗೆ ಏನೆಂದಿರಿ ಎಂದು ಅವನು ಕೇಳಿದ.

"ಬರಲ್ಲ ಅಂದೆ."

ಅಕ್ಕ ಬಂದು, ಅವನ ಬೆರಳುಗಳಿಂದ ಕತ್ತರಿ ಬಿಡಿಸಿಕೊಂಡು ಹೋದಳು.